ಊರಿನ ಹೋರಾಟ, ಊರವರದೇ ಚಿತ್ರ

1979ರ ಏಪ್ರಿಲ್ 23, ಸೋಮವಾರ. ಪಶ್ಚಿಮ ಲಂಡನ್ನಿನ ಸೌಥಾಲ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗಳು ಬಾಗಿಲು ಹಾಕಿದವು. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಕೆಲಸ ನಿಲ್ಲಿಸಿ ಹೊರಬಂದರು. ಆ ಸಂಜೆ ಊರಿನ ಟೌನ್‌ಹಾಲ್‌ನಲ್ಲಿ ನ್ಯಾಷನಲ್ ಫ್ರಂಟ್ ಪಕ್ಷದ ಚುನಾವಣಾ ಸಭೆ ಇತ್ತು. ಬಿಳಿಯರಲ್ಲದವರನ್ನು ಬ್ರಿಟನ್ನಿನಿಂದ ಹೊರಗೆ ಕಳಿಸಬೇಕು ಎಂಬುದೇ ಆ ಪಕ್ಷದ ಕೂಗು. ಪಂಜಾಬಿನಿಂದ ಬಂದು ನೆಲೆಸಿದವರೇ ತುಂಬಿದ್ದ ಊರಿನ ನಟ್ಟನಡುವೆ ಇಂಥ ಸಭೆಗೆ ಜಾಗ ಕೊಡಬೇಡಿ ಎಂದು ಹಿಂದಿನ ದಿನವಷ್ಟೇ ಸಾವಿರಾರು ಜನ ಸ್ಥಳೀಯ ಆಡಳಿತವಿದ್ದ ಈಲಿಂಗ್‌ವರೆಗೆ ಮೆರವಣಿಗೆಯಲ್ಲಿ ಹೋಗಿ ಮನವಿ ಕೊಟ್ಟು ಬಂದಿದ್ದರು. ಮನವಿಗೆ ಬೆಲೆ ಸಿಗಲಿಲ್ಲ. ಸೋಮವಾರ 2,700ಕ್ಕೂ ಹೆಚ್ಚು ಪೊಲೀಸರು ಊರಿಗೆ ಬಂದಿಳಿದರು. ದಿನ ಮುಗಿಯುವುದರೊಳಗೆ 345 ಜನರ ಬಂಧನವಾಯಿತು. ಪ್ರತಿಭಟನೆಗೆ ಬಂದಿದ್ದ ನ್ಯೂಜಿಲೆಂಡ್ ಮೂಲದ ಶಿಕ್ಷಕ, 33 ವರ್ಷದ ಬ್ಲೇರ್ ಪೀಚ್ ತಲೆಗೆ ಏಟು ಬಿದ್ದು ಆ ರಾತ್ರಿಯೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹೊಡೆದವರು ಪೊಲೀಸರು ಎಂದು ಕಣ್ಣಾರೆ ಕಂಡವರು ಅಂದೇ ಹೇಳಿದರು. 1980ರ ಮರಣ ವಿಚಾರಣೆಯಲ್ಲಿ ಜ್ಯೂರಿ ಕೊಟ್ಟ ತೀರ್ಪು ಮಾತ್ರ 'ಅವಘಡದಿಂದ ಸಾವು' ಎಂದು. ಕಮಾಂಡರ್ ಜಾನ್ ಕ್ಯಾಸ್ ನಡೆಸಿದ್ದ ಪೊಲೀಸರ ಒಳತನಿಖೆಯ ವರದಿ ಬೀರುವಿನಲ್ಲೇ ಉಳಿಯಿತು. ಅದು ಜನರ ಕೈಗೆ ಸಿಕ್ಕಿದ್ದು 2010ರ ಏಪ್ರಿಲ್ 27ರಂದು, ಅಧಿಕಾರಿಗಳ ಹೆಸರುಗಳ ಮೇಲೆ ಮಸಿ ಬಳಿದ ರೂಪದಲ್ಲಿ. ಪೀಚ್ ಅವರಿಗೆ ಏಟು ಕೊಟ್ಟದ್ದು ಬಹುತೇಕ ಖಚಿತವಾಗಿ ಒಬ್ಬ ಪೊಲೀಸ್ ಅಧಿಕಾರಿಯೇ ಎಂದು ಅದರಲ್ಲಿತ್ತು. ಸೌಥಾಲ್‌ನ ಜನ 31 ವರ್ಷಗಳಿಂದ ಹೇಳುತ್ತಿದ್ದ ಮಾತು ಅದೇ ಆಗಿತ್ತು.

ಆ 31 ವರ್ಷ ಸತ್ಯವನ್ನು ಕಾಪಾಡಿದ್ದು ಯಾವ ಕಚೇರಿಯೂ ಅಲ್ಲ. ಮನೆಗಳ ಮಾತು, ಟ್ರಂಕಿನೊಳಗಿನ ಕರಪತ್ರ, ಆಲ್ಬಮ್ಮಿನ ಫೋಟೊ, ಪ್ರತಿ ಏಪ್ರಿಲ್‌ನಲ್ಲಿ ಸೇರುತ್ತಿದ್ದ ಸಭೆಗಳು ಅದನ್ನು ಕಾಪಾಡಿದವು. ಇಂಥ ಚದುರಿದ ನೆನಪುಗಳನ್ನು ಒಟ್ಟುಗೂಡಿಸಿ, ದಾಖಲೆಯೊಡನೆ ತಾಳೆ ನೋಡಿ, ಊರವರೇ ಚಿತ್ರವಾಗಿ ಕಟ್ಟುವ ಪದ್ಧತಿ ಬ್ರಿಟನ್ನಿನಲ್ಲಿ ನಾಲ್ಕು ದಶಕಗಳಿಂದ ಬೆಳೆದುಬಂದಿದೆ. ಅದು ನಡೆಯುವ ಬಗೆಯನ್ನು ಹಂತಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಸಮುದಾಯ ಚಿತ್ರ ಎಂದರೇನು?

ಟಿ.ವಿ. ವಾಹಿನಿಯೊಂದು ಬಂದು ಹಿರಿಯರ ಸಂದರ್ಶನ ಮಾಡಿಕೊಂಡು ಹೋದರೆ ಅದು ಸಮುದಾಯ ಚಿತ್ರವಾಗುವುದಿಲ್ಲ. ಅಂಥ ಕೆಲಸಕ್ಕೂ ಬೆಲೆಯಿದೆ. ಚಾನೆಲ್ 4 ವಾಹಿನಿ 2024ರಲ್ಲಿ ತೋರಿಸಿದ 'ಡಿಫೈಯನ್ಸ್' ಎಂಬ ಮೂರು ಕಂತುಗಳ ಸರಣಿ ಸೌಥಾಲ್‌ನ ಕಥೆಯನ್ನು ದೇಶದ ಮುಂದಿಟ್ಟಿತು. ಆದರೆ ಏನು ಕೇಳಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಮೂಲ ಧ್ವನಿಮುದ್ರಣ ಯಾರ ಬಳಿ ಇರಬೇಕು ಎಂಬ ತೀರ್ಮಾನಗಳನ್ನು ಆ ಊರಿನ ಜನರೇ ಮಾಡಿದಾಗ ಮಾತ್ರ ಅದನ್ನು ಸಮುದಾಯ ಚಿತ್ರ ಎನ್ನಬಹುದು. ಕ್ಯಾಮೆರಾ ಹಿಡಿದವರು ಹೊರಗಿನವರಾಗಿರಬಹುದು, ತರಬೇತಿ ಕೊಡುವವರು ವೃತ್ತಿಪರರಾಗಿರಬಹುದು. ತೀರ್ಮಾನದ ಅಧಿಕಾರ ಮಾತ್ರ ಊರವರದು.

ಇದಕ್ಕೆ ಬ್ರಿಟನ್ನಿನಲ್ಲಿ ಗಟ್ಟಿ ಪರಂಪರೆಯಿದೆ. 1981ರ ಜನವರಿ 18ರಂದು ಲಂಡನ್ನಿನ ನ್ಯೂಕ್ರಾಸ್‌ನಲ್ಲಿ ಹುಟ್ಟುಹಬ್ಬದ ಮನೆಗೆ ಬೆಂಕಿ ಬಿದ್ದು 13 ಕಪ್ಪು ಯುವಜನರು ಸತ್ತರು. ತನಿಖೆಯ ರೀತಿಯನ್ನೂ ಸರ್ಕಾರದ ಮೌನವನ್ನೂ ಖಂಡಿಸಿ ಮಾರ್ಚ್ 2ರಂದು ಸುಮಾರು 20,000 ಜನ ಮೆರವಣಿಗೆ ನಡೆಸಿದರು. ಆ ಮೆರವಣಿಗೆಯನ್ನು ಒಳಗಿನಿಂದಲೇ ಚಿತ್ರಿಸಿದವರು ಮೆನೆಲಿಕ್ ಶಬಾಜ್ ಮತ್ತು ಸಂಗಡಿಗರು. ಮರುವರ್ಷ, 1982ರಲ್ಲಿ, ಚಿತ್ರ ತಂತ್ರಜ್ಞರ ಕಾರ್ಮಿಕ ಸಂಘ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಹೊಸದಾಗಿ ಶುರುವಾಗಲಿದ್ದ ಚಾನೆಲ್ 4 ಮುಂತಾದವರು ಸೇರಿ 'ವರ್ಕ್‌ಶಾಪ್ ಡಿಕ್ಲರೇಷನ್' ಎಂಬ ಒಪ್ಪಂದ ಮಾಡಿಕೊಂಡರು. ಒಂದೊಂದು ಚಿತ್ರಕ್ಕೂ ಬೇರೆಬೇರೆ ಗುತ್ತಿಗೆ ಕೊಡುವ ಬದಲು ಸಣ್ಣ ಚಿತ್ರತಂಡಗಳಿಗೆ ನಿರಂತರ ಹಣ ಒದಗಿಸುವುದು ಅದರ ತಿರುಳು. ಸಂಬಳ ನಿಂತುಹೋಗುವ ಭಯವಿಲ್ಲದೆ ಒಂದೇ ಬಡಾವಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಲು ಇದರಿಂದ ದಾರಿಯಾಯಿತು. ಬ್ಲ್ಯಾಕ್ ಆಡಿಯೊ ಫಿಲ್ಮ್ ಕಲೆಕ್ಟಿವ್, ಸಂಕೋಫಾ, ಸೆಡ್ಡೊ ಮತ್ತು ಏಷ್ಯನ್ನರ ತಂಡವಾದ ರೀಟೇಕ್ ಬೆಳೆದದ್ದು ಈ ಕಾಲದಲ್ಲಿ.

ಆ ತಂಡಗಳ ಎರಡು ಅನುಭವಗಳು ಇಂದಿಗೂ ಪಾಠಗಳಾಗಿವೆ. ಬ್ರಾಡ್‌ವಾಟರ್ ಫಾರ್ಮ್ ಎಂಬ ವಸತಿ ಸಮುಚ್ಚಯದಲ್ಲಿ 1985ರಲ್ಲಿ ನಡೆದ ಗಲಭೆಯನ್ನು ಅಲ್ಲಿನ ನಿವಾಸಿಗಳ ಬಾಯಿಂದಲೇ ಹೇಳಿಸಿದ ಸೆಡ್ಡೊ ತಂಡದ 'ದಿ ಪೀಪಲ್ಸ್ ಅಕೌಂಟ್' ಚಿತ್ರಕ್ಕೆ ಪ್ರಸಾರ ಪ್ರಾಧಿಕಾರ ಬದಲಾವಣೆಗಳನ್ನು ಸೂಚಿಸಿತು. ತಂಡ ಒಪ್ಪಲಿಲ್ಲ. ಚಿತ್ರ ಟಿ.ವಿ.ಯಲ್ಲಿ ಬರಲೇ ಇಲ್ಲ. ಪ್ರಸಾರದ ಬಾಗಿಲು ಮುಚ್ಚಿದರೂ ಚಿತ್ರ ಉಳಿಯಬೇಕಾದರೆ ಹಕ್ಕೂ ಪ್ರತಿಯೂ ತಂಡದ ಬಳಿಯೇ ಇರಬೇಕು ಎಂಬುದು ಮೊದಲ ಪಾಠ. ಎರಡನೆಯದು ಬ್ಲ್ಯಾಕ್ ಆಡಿಯೊ ತಂಡದ, ಜಾನ್ ಅಕೊಮ್ಫ್ರಾ ನಿರ್ದೇಶನದ 'ಹ್ಯಾಂಡ್ಸ್‌ವರ್ತ್ ಸಾಂಗ್ಸ್' (1986) ಚಿತ್ರದ್ದು. ಹಳೆಯ ಸುದ್ದಿಚಿತ್ರಗಳನ್ನೂ ಹೊಸ ಚಿತ್ರೀಕರಣವನ್ನೂ ಕಾವ್ಯದಂತೆ ಹೆಣೆದ ಈ ಚಿತ್ರವನ್ನು ಹಲವರು ಮೆಚ್ಚಿದರು. ಆದರೆ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಬಡಾವಣೆಯ ಜನರ ದನಿಯೇ ಇದರಲ್ಲಿ ಕೇಳುತ್ತಿಲ್ಲ ಎಂದು ಸಲ್ಮಾನ್ ರಶ್ದಿ 1987ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಆಕ್ಷೇಪಿಸಿದರು. ಹೊಸ ಭಾಷೆಗಾಗಿ ನಡೆದಿರುವ ಈ ಹುಡುಕಾಟವನ್ನು ಗುರುತಿಸಬೇಕು ಎಂದು ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಉತ್ತರ ಕೊಟ್ಟರು. ಚಿತ್ರದ ಚೆಲುವು ಮತ್ತು ಜನರ ದನಿ, ಎರಡಕ್ಕೂ ಹೇಗೆ ನ್ಯಾಯ ಸಲ್ಲಿಸುವುದು ಎಂಬ ಪ್ರಶ್ನೆಯನ್ನು ಪ್ರತಿ ತಂಡವೂ ಮೊದಲ ಸಭೆಯಲ್ಲೇ ಚರ್ಚಿಸಬೇಕಾಗುತ್ತದೆ.

ಒಂದು ಬೀದಿ, ಒಂದು ಪ್ರಶ್ನೆ

'ಬ್ರಿಟನ್ನಿನಲ್ಲಿ ವರ್ಣದ್ವೇಷ' ಎಂಬ ವಿಷಯ ಇಟ್ಟುಕೊಂಡರೆ ಸಣ್ಣ ತಂಡ ದಡ ಸೇರುವುದಿಲ್ಲ. ಮೊದಲು ಮಾಡಬೇಕಾದದ್ದು ಜಾಗ, ಕಾಲ, ಪ್ರಶ್ನೆ ಮೂರನ್ನೂ ಕಿರಿದಾಗಿಸುವುದು.

ಬ್ರಿಸ್ಟಲ್ ಬಸ್ ಬಹಿಷ್ಕಾರವನ್ನು ನೋಡಿ. ಕಪ್ಪು ಜನರನ್ನೂ ಏಷ್ಯನ್ನರನ್ನೂ ಬಸ್ ಸಿಬ್ಬಂದಿಯಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಬಸ್ ಕಂಪನಿಯ ನೀತಿಯ ವಿರುದ್ಧ 1963ರ ಏಪ್ರಿಲ್ 30ರಂದು ಬಹಿಷ್ಕಾರ ಶುರುವಾಯಿತು. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್, ಓವನ್ ಹೆನ್ರಿ ಮುಂತಾದವರು ಮುಂದಾಳುಗಳು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರ್‌ನಲ್ಲಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ಬಿಳಿಯೇತರ ವ್ಯಕ್ತಿ ರಘಬೀರ್ ಸಿಂಗ್. ಇಷ್ಟರಲ್ಲೇ ಹತ್ತು ಚಿತ್ರಗಳಿಗೆ ಸಾಕಾಗುವಷ್ಟು ವಸ್ತುವಿದೆ. 'ಬಸ್ಸು ಬಿಟ್ಟ ನಾಲ್ಕು ತಿಂಗಳು ಜನ ಕೆಲಸಕ್ಕೆ ಹೋದದ್ದು ಹೇಗೆ?' ಎಂಬ ಒಂದೇ ಪ್ರಶ್ನೆಯನ್ನು ಹಿಡಿದರೂ ಇಪ್ಪತ್ತು ನಿಮಿಷದ ಒಳ್ಳೆಯ ಚಿತ್ರವಾದೀತು. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಹೇಳಬಲ್ಲವರು ಹೆಚ್ಚುತ್ತಾರೆ. ಮುಂದಾಳುಗಳ ಹೆಸರು ಎಲ್ಲರಿಗೂ ಗೊತ್ತು. ನಡೆದುಕೊಂಡು ಕೆಲಸಕ್ಕೆ ಹೋದವರನ್ನು ಕೇಳಿದವರು ಕಡಿಮೆ.

ಪ್ರಶ್ನೆ ಗಟ್ಟಿಯಾದ ಮೇಲೆ ತಂಡ ಕಟ್ಟಬೇಕು. ಐದಾರು ಜನ ಸಾಕು. ಊರಿನ ಹಿರಿಯರೊಬ್ಬರು, ಓದುತ್ತಿರುವ ಒಂದಿಬ್ಬರು, ಗ್ರಂಥಾಲಯದ ಬಳಕೆ ಚೆನ್ನಾಗಿರುವವರೊಬ್ಬರು, ಕ್ಯಾಮೆರಾ ಮತ್ತು ಸಂಕಲನ ಬಲ್ಲವರೊಬ್ಬರು, ಜನರ ಭಾಷೆಯನ್ನು ಸರಾಗವಾಗಿ ಆಡುವವರೊಬ್ಬರು. ತೀರ್ಮಾನಗಳನ್ನು ಯಾರು, ಹೇಗೆ ಮಾಡುತ್ತಾರೆ ಎಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಂಕಲನದ ಹೊತ್ತಿಗೆ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಆಗ ಆ ಪುಟ ಕೆಲಸಕ್ಕೆ ಬರುತ್ತದೆ.

ಕ್ಯಾಮೆರಾಗಿಂತ ಮೊದಲು ಕಾಗದ

ಚಿತ್ರೀಕರಣಕ್ಕೆ ಹೊರಡುವ ಮುಂಚೆ ಕಾಗದಪತ್ರ ಹುಡುಕಬೇಕು. ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳು ಊರಿನ ಗ್ರಂಥಾಲಯದಲ್ಲಿರುತ್ತವೆ. ಸರ್ಕಾರಿ ಕಡತಗಳು ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಬ್ರಿಕ್ಸ್‌ಟನ್‌ನ ವಿಂಡ್‌ರಶ್ ಚೌಕದಲ್ಲಿ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ ಇದೆ. ಏಷ್ಯನ್ ಯುವಜನ ಚಳವಳಿಗಳ ಕರಪತ್ರ, ಪೋಸ್ಟರುಗಳನ್ನು 'ತಂದಾನ' ಎಂಬ ಸಂಗ್ರಹದಲ್ಲಿ ಡಿಜಿಟಲ್ ರೂಪಕ್ಕೆ ತರಲಾಗಿದೆ. ಸೌಥಾಲ್ ಘಟನೆಯ ಬಗ್ಗೆ ತತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್ ಅಧ್ಯಕ್ಷತೆಯ ಅನಧಿಕೃತ ವಿಚಾರಣಾ ಸಮಿತಿ 1980ರಲ್ಲಿ ಪ್ರಕಟಿಸಿದ ವರದಿಯಿದೆ. ಸರ್ಕಾರ ಸಾರ್ವಜನಿಕ ವಿಚಾರಣೆ ನಡೆಸದಿದ್ದಾಗ ನಾಗರಿಕರೇ ಸಾಕ್ಷ್ಯ ಕೂಡಿಹಾಕಿದ್ದಕ್ಕೆ ಅದೊಂದು ಮಾದರಿ. ಸರ್ಕಾರಿ ಇಲಾಖೆಗಳಿಂದ ಕಡತ ಕೇಳಿ ಪಡೆಯಲು 2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಿದೆ. ನಮ್ಮ ಮಾಹಿತಿ ಹಕ್ಕು ಅರ್ಜಿಯಂತೆಯೇ ಅಲ್ಲಿಯೂ ಕೇಳುವ ಪ್ರಶ್ನೆ ಖಚಿತವಾಗಿದ್ದರೆ ಉತ್ತರವೂ ಖಚಿತವಾಗಿರುತ್ತದೆ.

ಈ ಹಂತದಲ್ಲಿ ಗೋಡೆಯ ಮೇಲೆ ಒಂದು ಕಾಲಪಟ್ಟಿ ಅಂಟಿಸಬೇಕು. ಏಕೆಂದರೆ ನೆನಪಿನಲ್ಲಿ ಬೇರೆಬೇರೆ ವರ್ಷಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಸೌಥಾಲ್‌ನಲ್ಲೇ ಐದು ವರ್ಷಗಳಲ್ಲಿ ಮೂರು ದೊಡ್ಡ ಘಟನೆಗಳು ನಡೆದವು. 1976ರ ಜೂನ್ 4ರಂದು ಡೊಮಿನಿಯನ್ ಚಿತ್ರಮಂದಿರದ ಹೊರಗೆ 18 ವರ್ಷದ ಗುರ್ದೀಪ್ ಸಿಂಗ್ ಛಗ್ಗರ್ ಎಂಬ ಹುಡುಗನನ್ನು ಇರಿದು ಕೊಂದರು. ಆ ಸಿಟ್ಟಿನಿಂದಲೇ ಸೌಥಾಲ್ ಯೂತ್ ಮೂವ್‌ಮೆಂಟ್ ಹುಟ್ಟಿತು. 1979ರ ಏಪ್ರಿಲ್ 23ರದ್ದು ಎರಡನೆಯದು. 1981ರ ಜುಲೈ 3ರಂದು ಹ್ಯಾಂಬ್ರೊ ಟಾವರ್ನ್ ಎಂಬ ಪಬ್ಬಿಗೆ ಸ್ಕಿನ್‌ಹೆಡ್ (ತಲೆ ಬೋಳಿಸಿಕೊಂಡ ಬಿಳಿಯ ಯುವಕರ) ಗುಂಪುಗಳು ಬಂದಿಳಿದಾಗ ಊರಿನ ಹುಡುಗರು ತಿರುಗಿಬಿದ್ದರು, ಪಬ್ಬು ಸುಟ್ಟುಹೋಯಿತು. ಅಂದು 20 ವರ್ಷದವರಾಗಿದ್ದವರಿಗೆ ಈ ಮೂರೂ ಇಂದು ಒಂದೇ ಗದ್ದಲದ ದಿನವಾಗಿ ನೆನಪಾಗಬಹುದು. ಆಗ 'ಅದು ಯಾವ ವರ್ಷ?' ಎಂದು ಕೇಳಿದರೆ ಪ್ರಯೋಜನವಿಲ್ಲ. 'ಅವತ್ತು ಪಬ್ಬು ಉರಿಯುವುದನ್ನು ನೋಡಿದ್ರಾ? ಟೌನ್‌ಹಾಲ್ ಹತ್ತಿರ ಹೋಗೋಕೆ ಪೊಲೀಸರು ಬಿಟ್ರಾ?' ಎಂದು ಕೇಳಿದರೆ ದಿನ ತಾನಾಗಿ ಬೇರೆಯಾಗುತ್ತದೆ.

ಫೋಟೊಗಳ ಕಾಲ ತಿಳಿಯಲೂ ಉಪಾಯಗಳಿವೆ. ಆ ಕಾಲದ ಬ್ರಿಟಿಷ್ ಕಾರುಗಳ ನಂಬರ್ ಪ್ಲೇಟಿನ ಕೊನೆಯ ಅಕ್ಷರ ನೋಂದಣಿಯ ವರ್ಷವನ್ನು ಹೇಳುತ್ತದೆ. 'ಟಿ' ಇದ್ದರೆ 1978ರ ಆಗಸ್ಟ್‌ನಿಂದ ಮುಂದಿನ ಜುಲೈವರೆಗಿನದು. 'ವಿ' 1979ರ ಆಗಸ್ಟ್‌ನಿಂದ ಶುರು. ಆಲ್ಬಮ್ಮಿನ ಫೋಟೊದ ಹಿಂಬದಿಯಲ್ಲಿ '1976, ಛಗ್ಗರ್ ಮೆರವಣಿಗೆ' ಎಂದು ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದು, ಚಿತ್ರದ ಮೂಲೆಯಲ್ಲಿ ನಿಂತ ಕಾರಿನ ಪ್ಲೇಟು 'ಟಿ'ಯಲ್ಲಿ ಮುಗಿದರೆ ಆ ಬರಹ ತಪ್ಪು. ಜನ ತೊಟ್ಟ ಕೋಟು, ಮರದ ಎಲೆ, ಸಿನಿಮಾ ಪೋಸ್ಟರು, ಅಂಗಡಿ ಬೋರ್ಡು, ಪೊಲೀಸರ ಕೈಯ ಗುರಾಣಿ ಇವೆಲ್ಲ ಸುಳಿವುಗಳು. ಬ್ರಿಟನ್ನಿನ ಮುಖ್ಯಭೂಮಿಯಲ್ಲಿ ಪೊಲೀಸರು ಗಲಭೆ ಗುರಾಣಿಗಳನ್ನು ಮೊದಲು ಬಳಸಿದ್ದು 1977ರ ಆಗಸ್ಟ್‌ನಲ್ಲಿ, ಲಂಡನ್ನಿನ ಲೆವಿಷಮ್‌ನಲ್ಲಿ. ಒಂದು ತಪ್ಪು ಫೋಟೊ ಸಿಕ್ಕರೂ ಸಾಕು, ಇಡೀ ಚಿತ್ರವೇ ಸುಳ್ಳು ಎನ್ನಲು ಕಾದು ಕುಳಿತವರಿದ್ದಾರೆ. ಆದ್ದರಿಂದ ಈ ಎಚ್ಚರವನ್ನು ಹೋರಾಟಗಾರರಿಗೆ ನಾವು ಸಲ್ಲಿಸುವ ಗೌರವವೆಂದೇ ತಿಳಿಯಬೇಕು.

ಮಾತಾಡಿಸುವ ಬಗೆ

ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬಾರದು. ಚಹಾ ಕುಡಿದು, ಯಾವ ಕೆಲಸಕ್ಕೆ ಬಂದಿದ್ದೇವೆ ಎಂದು ಹೇಳಿ, ಆಲ್ಬಮ್ ನೋಡಿ ಬರುವುದಕ್ಕಷ್ಟೇ ಆ ಭೇಟಿ. ಎರಡನೆಯ ಸಲ ಹೋಗುವಾಗ ಅವರ ಭಾಷೆಯಲ್ಲಿ ಮಾತಾಡುವವರನ್ನು ಕರೆದುಕೊಂಡು ಹೋಗಬೇಕು. ಸೌಥಾಲ್‌ನ ಹಿರಿಯರು ಇಂಗ್ಲಿಷಿನಲ್ಲಿ ಎರಡು ವಾಕ್ಯದಲ್ಲಿ ಮುಗಿಸುವ ಸಂಗತಿ ಪಂಜಾಬಿಯಲ್ಲಿ ಅರ್ಧ ಗಂಟೆಯಾಗಿ ಹರಿಯುತ್ತದೆ. ಅಡಿಬರಹವನ್ನು ಆಮೇಲೆ ಹಾಕಿಕೊಳ್ಳಬಹುದು.

ಪ್ರಶ್ನೆ ಅಭಿಪ್ರಾಯ ಕೇಳುವಂತಿರಬಾರದು, ಅಂದಿನ ದಿನದೊಳಕ್ಕೆ ಕರೆದೊಯ್ಯುವಂತಿರಬೇಕು. 'ವರ್ಣದ್ವೇಷದ ಬಗ್ಗೆ ನಿಮಗೆ ಏನನಿಸುತ್ತೆ?' ಎಂದರೆ ಭಾಷಣ ಬರುತ್ತದೆ. 'ಅಂಕಲ್‌ಜೀ, ಅವತ್ತು ಅಂಗಡಿ ಬಾಗಿಲು ಎಷ್ಟು ಹೊತ್ತಿಗೆ ಹಾಕಿದ್ರಿ? ಮಕ್ಕಳು ಸ್ಕೂಲಿಂದ ಹೇಗೆ ಬಂದ್ರು? ಮನೆಗೆ ಬಂದು ಮೊದಲು ಏನು ಮಾಡಿದ್ರಿ?' ಎಂದರೆ ಕಥೆ ಬರುತ್ತದೆ. ಒಂದು ಗಂಟೆಗೆ ಅಂಗಡಿ ಮುಚ್ಚಿದ್ದು ದಾಖಲೆಯಲ್ಲಿರುವ ಸಂಗತಿ. ಅವರ ಉತ್ತರ ಅದಕ್ಕೆ ಹೊಂದಿದರೆ ಮುಂದಿನ ಮಾತಿಗೂ ಬಲ ಬರುತ್ತದೆ. ಹೊಂದದಿದ್ದರೆ ಅದನ್ನು ತಪ್ಪೆಂದು ತಳ್ಳಬೇಕಿಲ್ಲ. ಅವರ ಬೀದಿಯಲ್ಲಿ ಬೇರೆ ಏನೋ ನಡೆದಿರಬಹುದು, ವಿಚಾರಿಸಬೇಕು.

ನಡೆಯುತ್ತ ಮಾತಾಡಿಸುವುದು ಇನ್ನೊಂದು ಒಳ್ಳೆಯ ಕ್ರಮ. ಟೌನ್‌ಹಾಲಿನಿಂದ ಬ್ರಾಡ್‌ವೇ ರಸ್ತೆ ಹಿಡಿದು ಬೀಚ್‌ಕ್ರಾಫ್ಟ್ ಅವೆನ್ಯೂವರೆಗೆ ಹಿರಿಯರೊಡನೆ ನಡೆದರೆ ಕುರ್ಚಿಯಲ್ಲಿ ಕೂತಾಗ ಬಾರದ ನೆನಪುಗಳು ತಿರುವು ತಿರುವಿಗೂ ಬರುತ್ತವೆ. ಬ್ಲೇರ್ ಪೀಚ್‌ಗೆ ಏಟು ಬಿದ್ದದ್ದು ಆ ಅವೆನ್ಯೂನಲ್ಲಿ. ಹತ್ತಿರದ ಮನೆಯವರೊಬ್ಬರು ಅವರನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಆಂಬುಲೆನ್ಸ್ ಕರೆಸಿದರು. ಪರಿಚಯವಿಲ್ಲದ ಬಿಳಿಯ ಶಿಕ್ಷಕನಿಗೆ ಪಂಜಾಬಿ ಮನೆಯೊಂದು ಬಾಗಿಲು ತೆರೆದ ಆ ಗಳಿಗೆ, ಇಡೀ ದಿನದ ಬಗ್ಗೆ ಬರೆದ ಸಾವಿರ ಪುಟಗಳಿಗಿಂತ ಹೆಚ್ಚು ಹೇಳುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಪೀಚ್ ಅವರ ದೇಹವನ್ನು ಡೊಮಿನಿಯನ್ ಚಿತ್ರಮಂದಿರದಲ್ಲಿ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿ ಅಂತಿಮ ನಮನ ಸಲ್ಲಿಸಿದರು. ಇಂದು ಸೌಥಾಲ್‌ನಲ್ಲಿ ಅವರ ಹೆಸರಿನ ಪ್ರಾಥಮಿಕ ಶಾಲೆಯಿದೆ.

ಹಳೆಯ ಫೋಟೊಗಳಲ್ಲಿ ಮುಂದಿನ ಸಾಲಿನಲ್ಲಿ ಕಾಣುವವರು ಗಂಡಸರು. ಹೆಂಗಸರು ಎಲ್ಲಿದ್ದರು ಎಂದು ಕೇಳಿಯೇ ಕೇಳಬೇಕು. ಅದೇ 1979ರಲ್ಲಿ ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆ ಹುಟ್ಟಿತು. ಅದಕ್ಕೂ ಮುಂಚೆ, 1976ರಿಂದ 1978ರವರೆಗೆ, ಉತ್ತರ ಲಂಡನ್ನಿನ ಗ್ರನ್‌ವಿಕ್ ಫೋಟೊ ಕಾರ್ಖಾನೆಯ ಮುಷ್ಕರವನ್ನು ಮುನ್ನಡೆಸಿದ್ದು ಸೀರೆಯುಟ್ಟ ಗುಜರಾತಿ ಮಹಿಳೆ ಜಯಾಬೆನ್ ದೇಸಾಯಿ. ಹೆಂಗಸರನ್ನು ಗಂಡಂದಿರ ಪಕ್ಕದಲ್ಲಿ ಕೂರಿಸಿ ಮಾತಾಡಿಸಿದರೆ ಅರ್ಧ ಮಾತು ನಿಂತುಹೋಗುತ್ತದೆ. ಬೇರೆ ಹೊತ್ತು, ಬೇರೆ ಜಾಗ ಗೊತ್ತುಮಾಡುವುದು ಉತ್ತಮ.

ಇನ್ನೊಂದು ಎಚ್ಚರ. ಲಾಠಿ ಏಟು ತಿಂದವರು, ಜೈಲಿಗೆ ಹೋದವರು, ಮಗನನ್ನು ಕಳೆದುಕೊಂಡವರು ಮಾತಾಡುವಾಗ ಗಾಯ ಮತ್ತೆ ತೆರೆದುಕೊಳ್ಳುತ್ತದೆ. ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಮೊದಲೇ ಹೇಳಬೇಕು, ಮನೆಯವರೊಬ್ಬರು ಜೊತೆಗಿರಬೇಕು, ಮರುದಿನ ಫೋನ್ ಮಾಡಿ ವಿಚಾರಿಸಬೇಕು. ಕೆಲವರು ಹೆಸರು ಹೇಳಲು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವಿದೆ. ಬ್ಲೇರ್ ಪೀಚ್ ಅವರ ಶವಯಾತ್ರೆಗೆ ಬಂದವರ ಬಗ್ಗೆಯೂ ಗುಪ್ತ ಪೊಲೀಸರು ವರದಿ ಬರೆದಿದ್ದರು ಎಂಬುದು ಬ್ರಿಟನ್ನಿನ ಗುಪ್ತ ಪೊಲೀಸ್ ಕಾರ್ಯಾಚರಣೆಗಳ ಸಾರ್ವಜನಿಕ ವಿಚಾರಣೆಯಲ್ಲಿ ಹೊರಬಂದಿದೆ.

ತಾಂತ್ರಿಕವಾಗಿ ಬೇಕಾದದ್ದು ಕಡಿಮೆ. ಒಳ್ಳೆಯ ಮೊಬೈಲ್ ಫೋನ್, ಟ್ರೈಪಾಡ್, ಕಾಲರ್ ಮೈಕು ಸಾಕು. ಹಣವಿದ್ದರೆ ಮೊದಲು ಮೈಕಿಗೆ ಹಾಕಬೇಕು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಫ್ರಿಜ್ಜು, ಗೋಡೆ ಗಡಿಯಾರ, ಟಿ.ವಿ. ಆರಿಸಿ ಕೋಣೆಯ ಸದ್ದನ್ನು ಅರ್ಧ ನಿಮಿಷ ಬರಿದೇ ದಾಖಲಿಸಿಕೊಂಡರೆ ಸಂಕಲನದಲ್ಲಿ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನಲ್ಲೂ ಭಾರತದಲ್ಲೂ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಬರುವುದಿಲ್ಲ. ಪ್ರತಿ ಸಂಜೆ ಮೂರು ಪ್ರತಿ ಮಾಡಬೇಕು. ಎರಡು ಬೇರೆಬೇರೆ ಡಿಸ್ಕುಗಳಲ್ಲಿ, ಒಂದು ಬೇರೆ ಮನೆಯಲ್ಲಿ.

ಒಪ್ಪಿಗೆ ಮತ್ತು ಹಕ್ಕು

ಬ್ರಿಟನ್ನಿನ ಕಾನೂನಿನಂತೆ, ದಾಖಲಾದ ಮಾತಿನ ಕೃತಿಸ್ವಾಮ್ಯ ಮಾತಾಡಿದವರದು. ಧ್ವನಿಮುದ್ರಣದ ಕೃತಿಸ್ವಾಮ್ಯ ದಾಖಲಿಸಿದವರದು. ಹಾಗಾಗಿ ಲಿಖಿತ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆಯನ್ನು ಎರಡು ಸಲ ಕೇಳುವ ತಂಡಗಳ ಪದ್ಧತಿ ಅನುಸರಿಸಲು ಯೋಗ್ಯ. ದಾಖಲಿಸುವ ಮುಂಚೆ ಒಮ್ಮೆ. ತಮ್ಮ ಭಾಗವನ್ನು ಚಿತ್ರದಲ್ಲಿ ನೋಡಿದ ಮೇಲೆ ಇನ್ನೊಮ್ಮೆ. ಚಿತ್ರದಲ್ಲಿ ಬಳಸಲು, ಸಂಗ್ರಹಾಲಯದಲ್ಲಿ ಇಡಲು, ಇಂಟರ್ನೆಟ್ಟಿಗೆ ಹಾಕಲು ಬೇರೆಬೇರೆ ಸಹಿ ಇರಲಿ. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಎನ್ನುವ ಹಕ್ಕು ಅವರಿಗಿದೆ. ಪತ್ರ ಅವರು ಓದಬಲ್ಲ ಭಾಷೆಯಲ್ಲಿರಬೇಕು.

ಬದುಕಿರುವವರ ಮೇಲೆ ಆರೋಪ ಬಂದಾಗ ಮಾನನಷ್ಟದ ಪ್ರಶ್ನೆ ಏಳುತ್ತದೆ. ದಾಖಲೆಯಲ್ಲಿ ಇರುವಷ್ಟನ್ನು, ದಾಖಲೆ ಹೇಳುವ ಮಾತಿನಲ್ಲೇ ಹೇಳುವುದು ಸುರಕ್ಷಿತ ದಾರಿ. 'ಪೊಲೀಸ್ ಅಧಿಕಾರಿಯೊಬ್ಬರು ಹೊಡೆದರೆಂಬುದು ಬಹುತೇಕ ಖಚಿತ ಎಂದು ಕ್ಯಾಸ್ ವರದಿ ಹೇಳುತ್ತದೆ' ಎಂಬ ವಾಕ್ಯವನ್ನು ಯಾರೂ ಅಲುಗಾಡಿಸಲಾರರು. ಅಂಥ ವಾಕ್ಯದ ಪಕ್ಕದಲ್ಲಿ ಕಣ್ಣಾರೆ ಕಂಡವರ ಮಾತು ನಿಂತರೆ ವೀಕ್ಷಕರಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಹಳೆಯ ಸುದ್ದಿಚಿತ್ರಗಳ ತುಣುಕುಗಳಿಗೆ ವಾಹಿನಿಗಳು ಸೆಕೆಂಡು, ನಿಮಿಷದ ಲೆಕ್ಕದಲ್ಲಿ ಹಣ ಕೇಳುತ್ತವೆ. ಬಜೆಟ್ಟಿನ ದೊಡ್ಡ ಪಾಲು ಇದಕ್ಕೇ ಹೋಗಬಹುದು. ಆದ್ದರಿಂದ ಪ್ರಾದೇಶಿಕ ಚಲನಚಿತ್ರ ಸಂಗ್ರಹಾಲಯಗಳನ್ನೂ ಊರಿನ ಫೋಟೊಗ್ರಾಫರ್‌ಗಳನ್ನೂ ಮೊದಲು ವಿಚಾರಿಸಬೇಕು. ಮಾಲೀಕರು ಯಾರೆಂದೇ ಸಿಗದ ಫೋಟೊ, ಚಿತ್ರಗಳಿಗೆ 2014ರಿಂದ ಬೌದ್ಧಿಕ ಆಸ್ತಿ ಕಚೇರಿ ಪರವಾನಗಿ ಕೊಡುತ್ತದೆ. ಮೊದಲು ಪ್ರಾಮಾಣಿಕವಾಗಿ ಹುಡುಕಿದ್ದಕ್ಕೆ ಪುರಾವೆ ತೋರಿಸಬೇಕು. ಸುದ್ದಿಚಿತ್ರ ಬಳಸುವಾಗ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಗಮನಿಸುವುದು ಮುಖ್ಯ. ಪೊಲೀಸರ ಸಾಲಿನ ಹಿಂದಿನಿಂದ ತೆಗೆದ ಶಾಟಿನಲ್ಲಿ ಕಲ್ಲು ನಮ್ಮತ್ತ ಬರುವಂತೆ ಕಾಣುತ್ತದೆ; ಜನರ ನಡುವಿನಿಂದ ತೆಗೆದದ್ದರಲ್ಲಿ ಕುದುರೆಗಳು ನಮ್ಮತ್ತ ನುಗ್ಗುತ್ತವೆ. ಎರಡೂ ನಿಜ. ಒಂದನ್ನೇ ತೋರಿಸಿದರೆ ಅರ್ಧಸತ್ಯ.

ಸಂಕಲನ, ಪ್ರದರ್ಶನ, ಸಂಗ್ರಹ

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ಬೇಸರದ ಕೆಲಸವೆಂದು ಇದನ್ನು ಬಿಡಬಾರದು. ಬರಹವಿದ್ದರೆ ಇಡೀ ತಂಡ ಕುಳಿತು ಕಾಗದದ ಮೇಲೆಯೇ ಚಿತ್ರದ ಮೊದಲ ರೂಪ ಕಟ್ಟಬಹುದು. ಸಂಕಲನದ ಸಾಫ್ಟ್‌ವೇರ್ ಬಾರದ ಹಿರಿಯರೂ ತೀರ್ಮಾನದಲ್ಲಿ ಪಾಲ್ಗೊಳ್ಳಬಹುದು. ಹಿನ್ನೆಲೆ ನಿರೂಪಣೆಯನ್ನು ಆದಷ್ಟು ಕಡಿಮೆ ಇಟ್ಟು, ದಿನಾಂಕ, ಜಾಗ, ದಾಖಲೆಯ ಮಾತನ್ನು ಪರದೆಯ ಮೇಲೆ ಬರೆಯುವುದು ಒಳ್ಳೆಯದು. ಇಬ್ಬರ ನೆನಪು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಇಡಬಹುದು. ಆದರೆ ದಿನಾಂಕ, ಹೆಸರು, ಸಂಖ್ಯೆಗಳಲ್ಲಿ ರಾಜಿ ಕೂಡದು.

ರಫ್ ಕಟ್ (ಸಂಕಲನದ ಮೊದಲ ಕರಡು) ಸಿದ್ಧವಾದ ಕೂಡಲೇ ಮಾತಾಡಿದವರಿಗೆ ಮತ್ತು ಅವರ ಮನೆಯವರಿಗೆ ಮಾತ್ರ ತೋರಿಸಬೇಕು. ಅಲ್ಲಿ ಬರುವ ತಿದ್ದುಪಡಿಗಳು ಅಮೂಲ್ಯ. 'ಅದು ನಮ್ಮ ಬೀದಿಯಲ್ಲ, ಹಿಂದಿನ ಬೀದಿ' ಎಂಬ ಒಂದು ಮಾತು ಚಿತ್ರವನ್ನು ಉಳಿಸಬಲ್ಲದು. ಆಮೇಲೆ ಊರಿನ ಗುರುದ್ವಾರ, ಶಾಲೆ, ಗ್ರಂಥಾಲಯ, ಕಾರ್ಮಿಕ ಸಂಘದ ಕಚೇರಿಗಳಲ್ಲಿ ಪ್ರದರ್ಶನ. ಸೌಥಾಲ್ ಯೂತ್ ಮೂವ್‌ಮೆಂಟ್ ಬಗೆಗಿನ 'ಯಂಗ್ ರೆಬೆಲ್ಸ್' ಥರದ ಚಿತ್ರಗಳಿಗೆ ಬೆಲೆ ಬರುವುದು ಇಂಥ ಪ್ರದರ್ಶನಗಳಿಂದ, ನಂತರದ ಮಾತುಕತೆಯಿಂದ. ಪ್ರತಿ ಪ್ರದರ್ಶನದಲ್ಲೂ ಬಾಗಿಲ ಬಳಿ ಒಂದು ಸ್ಕ್ಯಾನರ್ ಇಟ್ಟರೆ ಜನ ತಮ್ಮ ಮನೆಯ ಫೋಟೊ, ಕರಪತ್ರ ತರುತ್ತಾರೆ. ಮುಂದಿನ ಚಿತ್ರಕ್ಕೆ ವಸ್ತು ಅಲ್ಲೇ ಸಿಗುತ್ತದೆ.

ಹಣದ ಮಾತು. ಬ್ರಿಟನ್ನಿನಲ್ಲಿ ಇಂಥ ಕೆಲಸಕ್ಕೆ ಮುಖ್ಯ ಆಸರೆ ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡ್. ಅದರ ಸಣ್ಣ ಅನುದಾನಗಳು 10,000 ಪೌಂಡಿನಿಂದ ಶುರುವಾಗುತ್ತವೆ. ಊರಿನ ಚರಿತ್ರೆಯಲ್ಲಿ ಎಷ್ಟು ಜನ ಪಾಲ್ಗೊಳ್ಳುತ್ತಾರೆ, ಮೂಲ ಸಾಮಗ್ರಿ ಎಲ್ಲಿ ಉಳಿಯುತ್ತದೆ ಎಂದು ಅರ್ಜಿಯಲ್ಲಿ ವಿವರಿಸಬೇಕಾಗುತ್ತದೆ. ಕಾರ್ಮಿಕ ಸಂಘಗಳೂ ನೆರವಾಗುತ್ತವೆ. ಹಣ ಕೊಟ್ಟವರು ಕಥೆ ತಿದ್ದುವಂತಿಲ್ಲ ಎಂಬ ಷರತ್ತು ಬರವಣಿಗೆಯಲ್ಲಿರಲಿ.

ಕೊನೆಯ ಹಂತ ಸಂಗ್ರಹ. ಚಿತ್ರ 30 ನಿಮಿಷದ್ದಿರಬಹುದು. ದಾಖಲಾದ ಮಾತು 30 ಗಂಟೆಯದ್ದು. ಮುಂದಿನ ಪೀಳಿಗೆಗೆ ಹೆಚ್ಚು ಬೇಕಾಗುವುದು ಆ 30 ಗಂಟೆಯೇ. ಬರಹ, ಒಪ್ಪಿಗೆ ಪತ್ರ, ಫೋಟೊ ವಿವರಗಳ ಸಮೇತ ಎಲ್ಲವನ್ನೂ ಊರಿನ ಅಥವಾ ಪ್ರಾದೇಶಿಕ ಸಂಗ್ರಹಾಲಯಕ್ಕೆ ಕೊಡಬೇಕು. ಯೂಟ್ಯೂಬ್ ಪ್ರದರ್ಶನದ ಜಾಗ, ಅದನ್ನೇ ಸಂಗ್ರಹಾಲಯ ಎಂದುಕೊಳ್ಳಬಾರದು. ಹಳೆಯ ವಿಎಚ್‌ಎಸ್, ಯು-ಮ್ಯಾಟಿಕ್ ಟೇಪುಗಳಿದ್ದರೆ ತಡಮಾಡದೆ ಡಿಜಿಟಲ್ ಮಾಡಿಸಬೇಕು. ಟೇಪು ಹಾಳಾಗುತ್ತಿದೆ, ಅದನ್ನು ಓಡಿಸುವ ಯಂತ್ರಗಳೂ ಕಣ್ಮರೆಯಾಗುತ್ತಿವೆ.

ನಮಗೂ ಸಲ್ಲುವ ಕೆಲಸ

ಇದು ಪಂಜಾಬಿಗಳ, ಕೆರಿಬಿಯನ್ನರ ಕಥೆ, ನಮಗೇನು ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಇಂದು ಯಾವ ಅಳುಕಿಲ್ಲದೆ ಕೆಲಸ ಕೇಳುತ್ತಿದ್ದಾರೆ, ಮನೆ ಕೊಳ್ಳುತ್ತಿದ್ದಾರೆ. ಬಣ್ಣದ ಕಾರಣಕ್ಕೆ ಕೆಲಸವನ್ನೂ ಮನೆಯನ್ನೂ ನಿರಾಕರಿಸುವಂತಿಲ್ಲ ಎಂಬ ಕಾನೂನು 1968ರಲ್ಲಿ ಬಂತು; ಅದರ ಹಿಂದೆ ಬ್ರಿಸ್ಟಲ್ಲಿನಂಥ ಹೋರಾಟಗಳ ಬೆವರಿದೆ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದರ ಹಿಂದೆ ಶ್ರಮಿಸಿದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ 2010–11ರಲ್ಲಿ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಪೊಲೀಸ್ ದಬ್ಬಾಳಿಕೆಯ ವಿರುದ್ಧ 1981ರ ಏಪ್ರಿಲ್‌ನಲ್ಲಿ ಸಿಡಿದೆದ್ದ ಬ್ರಿಕ್ಸ್‌ಟನ್ ಇರುವುದೂ ಅದೇ ಲ್ಯಾಂಬೆತ್‌ನಲ್ಲಿ. ಪ್ರತಿಮೆ ನೋಡಲು ಹೋಗುವ ಕನ್ನಡಿಗರು ಅಲ್ಲಿಂದ ಕೆಲವೇ ಮೈಲಿ ದೂರದ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್‌ಗೂ ಹೋಗಿಬರಬೇಕು.

ಕರ್ನಾಟಕದಲ್ಲೂ ದಾಖಲಾಗಬೇಕಾದ ನೆನಪುಗಳಿವೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ, ಬೇರೊಬ್ಬರು ಮಾಡಿದ ಅಪಘಾತದ ಸಿಟ್ಟಿಗೆ ಗುಂಪೊಂದು ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಆಫ್ರಿಕಾದ ವಿದ್ಯಾರ್ಥಿಗಳು ದನಿಯೆತ್ತಿದರು, ಅವರ ಪರವಾಗಿ ನಿಂತ ಬೆಂಗಳೂರಿಗರೂ ಇದ್ದರು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಹೋಗಬೇಡಿ ಎಂದು ನಿಲ್ದಾಣಕ್ಕೆ ಹೋಗಿ ಕೇಳಿಕೊಂಡವರೂ ಇದ್ದರು. ಇದನ್ನೆಲ್ಲ ಕಂಡ ಅನೇಕರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಫೋನಿನಲ್ಲಿ ವಿಡಿಯೊಗಳಿವೆ, ನೆನಪು ಹಸಿಯಾಗಿದೆ. ಮೇಲೆ ಹೇಳಿದ ಪ್ರತಿ ಹಂತವೂ ಇಲ್ಲಿಗೂ ಹೊಂದುತ್ತದೆ.

ಸೌಥಾಲ್‌ನ ಬೀದಿಯಲ್ಲಿ 1979ರಲ್ಲಿ 20 ವರ್ಷದವರಾಗಿದ್ದವರು ಈಗ 65 ದಾಟಿದ್ದಾರೆ. ಅಂದಿನ ಮುಂದಾಳುಗಳಲ್ಲಿ ಅನೇಕರು ತೀರಿಕೊಂಡಿದ್ದಾರೆ. ಅಧಿಕಾರಸ್ಥರ ಕಡತಕ್ಕೆ ಕಾಯುವ ತಾಳ್ಮೆಯಿದೆ, ಮನುಷ್ಯನ ಆಯಸ್ಸಿಗೆ ಇಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಅನ್ಯಾಯದ ವಿರುದ್ಧ ನಿಂತ ಹಿರಿಯರೊಬ್ಬರು ನಿಮಗೆ ಗೊತ್ತಿದ್ದರೆ ಅನುದಾನಕ್ಕೂ ಒಳ್ಳೆಯ ಕ್ಯಾಮೆರಾಕ್ಕೂ ಕಾಯಬೇಡಿ. ಈ ತಿಂಗಳೇ ಹೋಗಿ, ಒಪ್ಪಿಗೆ ಕೇಳಿ, ಅವರ ಮಾತನ್ನು ಪೂರ್ತಿಯಾಗಿ ದಾಖಲಿಸಿಕೊಳ್ಳಿ. ಚಿತ್ರವನ್ನು ಆಮೇಲೆ ಮಾಡಬಹುದು.